ಅಳದ ಮದ್ದು

ಆಷಾಢ ಹಿಡಿದ ದಿನವೇ ಹಾಲುಗಲ್ಲಿನ ದೊರೆ ಮಾರನಾಯಕ ಡಂಗುರ ಹೊಡೆಸಿದ: "ಚಳಿಜ್ವರದ ಮದ್ದಿನ ಹರಳು ಮಳೆ ಬಂದರೆ ನೀರೊಡೆದು ಕೆಡುತ್ತಿದೆ. ಉಳಿಸಬಲ್ಲವರು ಬಂದು ಮೂರು ಒಗಟು ಬಿಡಿಸಲಿ. ಬಿಡಿಸಿದವರಿಗೆ ಔಷಧಶಾಲೆಯ ಯಜಮಾನಿಕೆ, ತಪ್ಪಿದವರಿಗೆ ತಲೆದಂಡ." ಊರಿಗೂರೇ ಹಾಸಿಗೆ ಹಿಡಿದಿರುವಾಗ ಒಗಟು ಹಾಕಿಕೊಂಡು ಕೂತವನಿಗೆ ಏನನ್ನೋಣ, ದೊರೆ ಅನ್ನಬೇಕು ಅಷ್ಟೆ.

ಮೊದಲ ಒಗಟು ಇದು: "ಒಂಟಿಯಾಗಿ ಬಿಟ್ಟರೆ ಅಳುತ್ತದೆ ನನ್ನ ಮದ್ದು. ಯಾರ ಕೈ ಹಿಡಿದರೆ ಅಳು ನಿಲ್ಲಿಸೀತು?" ಅಗ್ರಹಾರದ ಪಂಡಿತರೊಬ್ಬರು ಚಿನ್ನದ ಭಸ್ಮ ಎಂದರು. ಬೆರೆಸಿ ಒದ್ದೆ ಬಟ್ಟೆಯ ಮೇಲಿಟ್ಟರೆ ಬೆಳಗಾಗುವಷ್ಟರಲ್ಲಿ ಗಂಜಿಯಾಗಿತ್ತು. ಸಾಹುಕಾರನ ಮಗ ಜೇನುತುಪ್ಪ ಎಂದ, ಅದೂ ಗಂಜಿಯೇ. ಇಬ್ಬರ ತಲೆಯೂ ಕೋಟೆ ಬಾಗಿಲಿಗೆ ಏರಿತು.

ಔಷಧಶಾಲೆಯಲ್ಲಿ ಮದ್ದು ಅರೆಯುವ ಪುಟ್ಟನಿಂಗಿ ಆ ತಲೆಗಳ ಕೆಳಗೇ ನಡೆದು ಬಂದಳು. ಮನೆಯಲ್ಲಿ ಐದು ವರ್ಷದ ಮಗಳು ಹೊನ್ನಿ ಚಳಿಜ್ವರಕ್ಕೆ ಗಡಗಡ ನಡುಗುತ್ತಿದ್ದಳು, ತನ್ನ ತಲೆಯ ಆಸೆ ತಾಯಿಗೆಲ್ಲಿತ್ತು?

"ಹುಣಸೆಯ ಹುಳಿ ಹರಳು, ಬುದ್ಧಿ," ಎಂದಳು. "ಒಂದಿನ ಸಾರಾಯಿ ಹನಿಸಿ ಹುಳಿ ಅರೆದ ಕಲ್ಬತ್ತನ್ನು ತೊಳೆಯದೆ ಅದರಲ್ಲೇ ಮದ್ದು ಅರೆದುಬಿಟ್ಟೆ. ಯಜಮಾನರು ಬೈದು ಮೂಲೆಗೆ ಚೆಲ್ಲಿಸಿದರು. ಉಳಿದದ್ದೆಲ್ಲ ಅತ್ತಿತು, ಚೆಲ್ಲಿದ್ದು ಅಳಲಿಲ್ಲ."

ಅಲ್ಲೇ ಅರೆಸಿ ಒದ್ದೆ ಬಟ್ಟೆಯ ಮೇಲಿಟ್ಟರು. ಬೆಳಿಗ್ಗೆ ಹರಳು ಒಣಗೇ ಇತ್ತು.

ದೊರೆ ಎರಡನೆಯದನ್ನು ಕೇಳಿದ: "ಕೈ ಹಿಡಿದ ಇಬ್ಬರೂ ತಮ್ಮ ಗುಣ ಬಿಡಬಾರದು, ರೋಗಿಯ ಹೊಟ್ಟೆಯಲ್ಲಿ ಕೈ ಬಿಡಬೇಕು. ಅಂಥ ಮದುವೆ ಹೇಗೆ ಮಾಡುತ್ತೀಯೆ?"

"ಬೆಂಕಿ ತೋರಿಸಬಾರದು, ಎರಡೂ ಕೆಡುತ್ತವೆ. ಅಳತೆ ನೋಡಿ ಬೆರೆಸಿ, ಎರಡು ಹನಿ ಸಾರಾಯಿ ಬಿಟ್ಟು, ರಟ್ಟೆ ಬಿದ್ದುಹೋಗುವ ಹಾಗೆ ಅರೆಯಬೇಕು. ಆಗ ಎರಡೂ ಸೇರಿ ಹೊಸ ಹರಳು ಕಟ್ಟುತ್ತವೆ. ಹೊಟ್ಟೆಯ ನೀರಿಗೆ ಬಿದ್ದರೆ ಮತ್ತೆ ಅದರ ಪಾಡಿಗೆ ಅದು."

"ಮದ್ದು ಗಟ್ಟಿ ಎನ್ನಲು ಲಂಚ ಮುಟ್ಟದ ಸಾಕ್ಷಿ ಯಾರು?" ಎಂದು ಮೂರನೆಯದನ್ನು ಕೇಳಿದ.

ನಿಂಗಿ ಯೋಚಿಸಲೂ ಇಲ್ಲ. "ಮಳೆಗಾಲ, ಬುದ್ಧಿ. ಪೂರ್ತಿ ಮಳೆಗಾಲ ತಡೆದರೆ ಮಾತ್ರ ನಂಬಬೇಕು."

"ಭೇಷ್, ಗೆದ್ದೆ," ಎಂದ ದೊರೆ. ಭಟರ ಕಡೆ ತಿರುಗಿದ. "ಔಷಧಶಾಲೆಯಲ್ಲಿರುವ ಮದ್ದನ್ನೆಲ್ಲ ಹೀಗೇ ಅರೆಸಿ, ಗಡಿಗೆಗೆ ತುಂಬಿ ನೀರಿನ ಹಂಡೆಯ ಮೇಲೆ ತೂಗುಹಾಕಿ, ಮುದ್ರೆ ಒತ್ತಿರಿ. ಮಳೆಗಾಲ ಕಳೆಯುವವರೆಗೆ ಒಂದು ಕಾಳೂ ಯಾರ ಬಾಯಿಗೂ ಹೋಗಕೂಡದು."

"ಬುದ್ಧಿ, ನನ್ನ ಮಗಳಿಗೆ ಎರಡೇ ಎರಡು ಕಾಳು..."

"ಪೂರ್ತಿ ಮಳೆಗಾಲ ಅಂದವಳು ನೀನೇ ಅಲ್ಲವೇನೇ?"

ಅವಳು ಕಾಲು ಹಿಡಿದಳು. ಭಟರು ಎಬ್ಬಿಸಿ ಹೊರಗೆ ಬಿಟ್ಟರು.

ದೀಪಾವಳಿ ಕಳೆದ ಮೇಲೆ ಮುದ್ರೆ ಒಡೆದರು. ಹರಳು ಇಟ್ಟ ಹಾಗೇ ಇತ್ತು. ದೊರೆ ಪುಟ್ಟನಿಂಗಿಗೆ ಶಾಲು ಹೊದಿಸಿ, ಕಡಗ ತೊಡಿಸಿ, ಯಜಮಾನಿಕೆ ಕೊಟ್ಟ. ಮೊದಲ ಬೊಗಸೆ ಮದ್ದನ್ನು ಅವಳ ಕೈಗೇ ಸುರಿದು, "ತಗೊಂಡು ಹೋಗಿ ಮಗಳಿಗೆ ಕೊಡು" ಎಂದ. ಹೊನ್ನಿಯನ್ನು ಮಣ್ಣು ಮಾಡಿ ಮೂರು ತಿಂಗಳಾಗಿತ್ತು. ಅದನ್ನು ದೊರೆಗೆ ಯಾರೂ ಹೇಳಿರಲಿಲ್ಲ, ದೊರೆ ಕೇಳಿರಲೂ ಇಲ್ಲ.