ಬೆಲೆ ಕೇಳದ ದೊರೆಯ ಪರದೇಶ ಪ್ರವಾಸ

ಕಾಲು ಚಾಚಿದವರು ಮಡಿಸಿಕೊಳ್ಳಿ, ಹಿಂದಿರುವವರು ಮುಂದೆ ಬನ್ನಿ. ಎಣ್ಣೆಗೆರೆ ಅಂತ ಒಂದು ರಾಜ್ಯ. ಅಲ್ಲಿ ಉದ್ದಂಡರಾಯ ಅಂತ ಒಬ್ಬ ದೊರೆ ಇದ್ದ. ಮೀಸೆ ದೊಡ್ಡದು, ಖಜಾನೆ ಸಣ್ಣದು. ಆ ವಂಶದಲ್ಲಿ ಏಳು ತಲೆಮಾರಿನಿಂದ ಯಾವ ದೊರೆಯೂ ಯಾವುದಕ್ಕೂ ಬೆಲೆ ಕೇಳಿದವನಲ್ಲ. ಕೇಳಿದರೆ ಕಿರೀಟಕ್ಕೆ ಅವಮಾನವಂತೆ. ಖಜಾನೆ ಯಾಕೆ ಸಣ್ಣದಾಯಿತು ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಪಕ್ಕದ ರಾಜ್ಯದ ದೊರೆ ಸಮುದ್ರ ದಾಟಿ ತುಮಾರ ದ್ವೀಪ ನೋಡಿಬಂದ. ಬಂದವನು ಸುಮ್ಮನಿರದೆ ಆರು ತಿಂಗಳು ಅದನ್ನೇ ಕೊಚ್ಚಿಕೊಂಡ. ಉದ್ದಂಡರಾಯನಿಗೆ ಹೊಟ್ಟೆ ಉರಿಯಿತು. ತಾನೂ ಹೋಗಲೇಬೇಕು ಅಂತ ಹಟ ಹಿಡಿದ. ಹೋಗುವ ಹಡಗಿನ ಬಾಡಿಗೆ ತೆತ್ತ ಮೇಲೆ ರಾಣಿ ಗುಡಿಸಿ ಬಳಿದು ಐವತ್ತು ಹೊನ್ನು ಹೊಂದಿಸಿದಳು. ನಲವತ್ತನ್ನು ದೊರೆಯ ಚೀಲಕ್ಕೆ ಹಾಕಿದಳು. ಹತ್ತನ್ನು ಅಡುಗೆಯ ಚಿಕ್ಕತಾಯಮ್ಮನ ಸೆರಗಿಗೆ ಗಂಟು ಕಟ್ಟಿ, ಇದು ವಾಪಸು ಬರುವ ಹಡಗಿಗೆ, ಏನೇ ಆದರೂ ಬಿಚ್ಚಬೇಡ ಅಂದಳು.

ಚಿಕ್ಕತಾಯಮ್ಮನಿಗೆ ದೊರೆಯ ಜೊತೆ ಹೋಗುವ ಮನಸ್ಸೇ ಇರಲಿಲ್ಲ. ಮಗಳಿಗೆ ಚೊಚ್ಚಲ ಹೆರಿಗೆ, ದಿನ ಹತ್ತಿರ ಬಂದಿತ್ತು. ವಾಪಸಿನ ಹಡಗು ಎಂಟು ದಿನಕ್ಕೆ. ಅದು ತಪ್ಪಿದರೆ ಮುಂದಿನದು ಮೂರು ತಿಂಗಳಿಗೆ. ಆದರೆ ದೊರೆಯನ್ನು ಒಬ್ಬನೇ ಕಳಿಸಿದರೆ ಮೀಸೆಯನ್ನೂ ಮಾರಿಕೊಂಡು ಬರುತ್ತಾನೆ ಅಂತ ರಾಣಿ ಕಣ್ಣೀರು ಹಾಕಿದಳು. ಹೊರಡದೆ ವಿಧಿಯಿರಲಿಲ್ಲ.

ದ್ವೀಪದಲ್ಲಿ ಗುರ್ಜಾಲ ಎಂಬವನ ವಸತಿಮನೆ. ವಾರದ ಬಾಡಿಗೆ ಹತ್ತು ಹೊನ್ನು, ಮುಂಗಡ. ನಮ್ಮ ಕಡೆ ಮನೆಗೆ ಬಂದವರಿಗೆ ನೀರು, ಬೆಲ್ಲ, ಎಲೆ ಅಡಿಕೆ ಕೊಟ್ಟು ಕೂರಿಸುತ್ತೇವಲ್ಲ, ಅಲ್ಲಿಯೂ ಹಾಗೇ ಅಂತ ದೊರೆ ತಿಳಿದ.

ಮೊದಲ ದಿನ ದೊರೆ ಅಂಗಳದ ಉಯ್ಯಾಲೆಯಲ್ಲಿ ಕೂತ. ಗುರ್ಜಾಲ ಹತ್ತು ಹೊನ್ನು ಅಂದ. ಬಾಗಿಲ ಮೇಲಿನ ಬರಹ ತೋರಿಸಿದ. ಬೆಲೆ ಕೇಳದೆ ಮುಟ್ಟಿದವನು ಆ ವಸ್ತುವಿನ ಒಡೆಯ ಹೇಳಿದ ಬೆಲೆ ಕೊಡತಕ್ಕದ್ದು, ಇದು ಈ ಮನೆಯ ಕಟ್ಟಳೆ. ದೊರೆ ಕೊಟ್ಟ.

ಎರಡನೆಯ ದಿನ ತಟ್ಟೆಯಲ್ಲಿದ್ದ ಒಂದು ವೀಳ್ಯದೆಲೆ ಬಾಯಿಗೆ ಹಾಕಿದ. ಹತ್ತು ಹೊನ್ನು. ಮುಟ್ಟುವ ಮೊದಲು ಎಷ್ಟು ಅಂತ ಕೇಳಿ ಬುದ್ಧಿ ಅಂತ ಚಿಕ್ಕತಾಯಮ್ಮ ಕೈ ಮುಗಿದಳು. ಏಳು ತಲೆಮಾರು ಕೇಳದ್ದನ್ನು ನಾನು ಕೇಳಲೇ ಅಂತ ದೊರೆ ಮೀಸೆ ತಿರುವಿದ.

ಮೂರನೆಯ ದಿನ ಪಂಜರದ ಗಿಳಿಯ ತಲೆ ಸವರಿದ. ಗಿಳಿಗೆ ಬೇಸರವಾಗಿದೆ, ಅದಕ್ಕೆ ಇಪ್ಪತ್ತು ಅಂದ ಗುರ್ಜಾಲ. ಚೀಲದಲ್ಲಿ ಉಳಿದಿದ್ದದ್ದೇ ಹತ್ತು. ಅದನ್ನು ಕಿತ್ತುಕೊಂಡ. ಮಿಕ್ಕ ಹತ್ತು ನಾಳೆಯೊಳಗೆ ಬರದಿದ್ದರೆ ಇಬ್ಬರೂ ಒಂದು ವರ್ಷ ತನ್ನ ಅಡುಗೆಮನೆಯಲ್ಲಿ ರುಬ್ಬಬೇಕು ಅಂದ.

ದೊರೆ ಸೆರಗಿನ ಗಂಟು ನೋಡಿದ. ಚಿಕ್ಕತಾಯಮ್ಮನಿಗೆ ಮಗಳು ನೆನಪಾದಳು. ಕೊಟ್ಟರೆ ಹಡಗಿಲ್ಲ, ಕೊಡದಿದ್ದರೆ ಒರಳು. ಹೇಗೂ ಮಗಳ ಬಾಣಂತನಕ್ಕೆ ತಾನಿಲ್ಲ. ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ಯೋಚನೆ ಮಾಡಿದಳು.

ಮರುದಿನ ಬೆಳಿಗ್ಗೆ, ಊಟಕ್ಕೆ ಅಂತ ತಂದಿದ್ದ ಮಾವಿನಮಿಡಿ ಉಪ್ಪಿನಕಾಯಿ ಭರಣಿಯ ಬಾಯಿಬಟ್ಟೆ ಬಿಚ್ಚಿ ಜಗುಲಿಯ ಬಿಸಿಲಿಗಿಟ್ಟಳು. ಕಂಬದ ಮರೆಗೆ ನಿಂತಳು. ಇಂಗು, ಸಾಸಿವೆಯ ಘಮಕ್ಕೆ ವಸತಿಮನೆಯವರೆಲ್ಲ ಹೊರಗೆ ಬಂದರು. ಗುರ್ಜಾಲ ಎಲ್ಲರಿಗಿಂತ ಮುಂದೆ ಬಂದ. ಬೆರಳು ಅದ್ದಿದ, ನೆಕ್ಕಿದ. ಮತ್ತೆ ಅದ್ದಿದ, ನೆಕ್ಕಿದ. ಮೂರನೆಯ ಸಲ ಮುಂಗೈವರೆಗೂ ಇಳಿಸಿದ.

ಆಗ ಚಿಕ್ಕತಾಯಮ್ಮ ಮುಂದೆ ಬಂದು, “ಬೆಲೆ ಕೇಳಿದೆಯೇನಪ್ಪಾ?” ಅಂದಳು.

ಗುರ್ಜಾಲ ತಡವರಿಸಿದ. ಒಂದು ಮಿಡಿಯ ಕಾಸು ಎಷ್ಟು ಹೇಳು, ಬಿಸಾಡುತ್ತೇನೆ ಅಂದ.

“ಒಂದು ಮಿಡಿಯ ಮಾತೆಲ್ಲಿ ಬಂತು? ನೆಕ್ಕಿದ ಬೆರಳು ಒಳಗೆ ಹೋಯ್ತು, ಇಡೀ ಭರಣಿ ಎಂಜಲಾಯ್ತು. ಇನ್ನು ನಾವು ಇದನ್ನ ತಿನ್ನೋ ಹಾಗಿಲ್ಲ. ಭರಣಿ ನಿಂದೇ. ನಲವತ್ತು ಹೊನ್ನು. ನಿನಗೆ ಬರಬೇಕಾದ ಹತ್ತು ಮುರ್ಕೊಂಡು ಮೂವತ್ತು ಎಣಿಸು.”

ಒಂದು ಉಪ್ಪಿನಕಾಯಿಗೆ ನಲವತ್ತೇ ಅಂತ ಗುರ್ಜಾಲ ಕೂಗಾಡಿದ. ಸುತ್ತ ನಿಂತ ಪ್ರವಾಸಿಗಳೆಲ್ಲ ಆ ಉಯ್ಯಾಲೆಯಲ್ಲಿ ಕೂತು, ಆ ಎಲೆ ಜಗಿದು, ಆ ಗಿಳಿ ಸವರಿ ಬೋಳಾದವರೇ. ಒಬ್ಬೊಬ್ಬರೂ ಬಾಗಿಲ ಬರಹಕ್ಕೆ ಬೊಟ್ಟು ಮಾಡಿದರು. ಕಟ್ಟಳೆ ಸುಳ್ಳಾದರೆ ನಮ್ಮ ದುಡ್ಡೂ ವಾಪಸು ಕೊಡು ಅಂದರು. ಗುರ್ಜಾಲ ಲೆಕ್ಕ ಹಾಕಿದ. ಮೂವತ್ತೇ ಅಗ್ಗ ಅನ್ನಿಸಿತು. ತೆಪ್ಪಗೆ ಎಣಿಸಿಕೊಟ್ಟು ಭರಣಿ ಎತ್ತಿಕೊಂಡು ಒಳಗೆ ನಡೆದ.

ಎಂಟನೆಯ ದಿನ ಹಡಗುಕಟ್ಟೆಗೆ ಬಂದರು. ಹಡಗಿನವನು ಕೈ ಚಾಚಿದ. ದೊರೆ ಬೆವರಿದ, ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ಆಮೇಲೆ ಪಿಸುಗುಟ್ಟಿದ. “ಎಷ್ಟಪ್ಪಾ?”

ಆಕಾಶ ಕಳಚಿ ಬೀಳಲಿಲ್ಲ. ಹಡಗಿನವನು ಹತ್ತು ಅಂದ. ದೊರೆಗೆ ಧೈರ್ಯ ಬಂದು ನಾಲ್ಕು ಅಂದ. ಕೊನೆಗೆ ಎಂಟಕ್ಕೆ ಕುದುರಿತು. ಆ ಖುಷಿಯಲ್ಲಿ ದಾರಿಯುದ್ದಕ್ಕೂ ಸಿಕ್ಕಿದ್ದಕ್ಕೆಲ್ಲ ಬೆಲೆ ಕೇಳುತ್ತಲೇ ಬಂದ, ಸಮುದ್ರಕ್ಕೂ ಕೇಳಿದ. ಊರು ಸೇರಿದ ಮೂರನೆಯ ದಿನ ಚಿಕ್ಕತಾಯಮ್ಮನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಮೊದಲ ಸ್ನಾನ ಮಾಡಿಸಿದವಳು ಅಜ್ಜಿಯೇ.

ಮಕ್ಕಳೇ, ಪರದೇಶಕ್ಕೆ ಹೋದಾಗ ಮುಟ್ಟುವ ಮೊದಲು ಬೆಲೆ ಕೇಳಬೇಕು. ಮನೆಗೆ ಮರಳುವ ದುಡ್ಡನ್ನು ಬೇರೆ ಕಟ್ಟಿಡಬೇಕು. ಕೇಳಿದರೆ ಯಾರ ಮಾನವೂ ಹೋಗುವುದಿಲ್ಲ. ಕೇಳದವರನ್ನು ಸುಲಿಯಲು ಕಟ್ಟಳೆ ಮಾಡಿದವನು ಒಂದು ದಿನ ಅದೇ ಕಟ್ಟಳೆಗೆ ದಂಡ ತೆರುತ್ತಾನೆ. ಗುರ್ಜಾಲನಂತೂ ಆ ಉಪ್ಪಿನಕಾಯಿಯನ್ನು ಒಂದು ವರ್ಷ ತಿಂದ, ಒಂದೊಂದು ಮಿಡಿಗೂ ಅಳುತ್ತ.