ನೂರು ಅರ್ಜಿ ಯಾರಿಗೆ ಬೇಕು?

ಕೇಳ್ರಮ್ಮಾ, ಒಂದೂರಲ್ಲಿ ಒಬ್ಬ ಅವ್ವ, ಅವಳಿಗೊಬ್ಬ ಮಗ. ಅವ್ವ ನೀಲವ್ವ, ತಾಲ್ಲೂಕು ಕಚೇರಿ ಎದುರು ಝೆರಾಕ್ಸ್ ಅಂಗಡಿ ಇಟ್ಟವಳು. ಮಗ ಗುರುಪಾದ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಇಂಥ ಮಗನನ್ನೇ ಕೊಡು ಅಂತ ಹರಕೆ ಹೊತ್ತವಳೂ ಅವಳೇ; ಅನುಭವಿಸಲಿ.

ಅವತ್ತು ಸಂಜೆ ನಾಲ್ಕಕ್ಕೆ ಪಂಚಾಯ್ತಿ ಸೆಕ್ರೆಟರಿಗೆ ನೂರು ಅರ್ಜಿ ಅಚ್ಚು ಹಾಕಿ ಕೊಡಬೇಕು. ತಪ್ಪಿದರೆ ವರ್ಷದ ಕೆಲಸವೆಲ್ಲ ಎದುರಂಗಡಿಯ ಪಾಲು. ಪ್ರಿಂಟರ್ ಹೊಸದು, ಕಂಪ್ಯೂಟರನ್ನು ನಡೆಸುವುದು ಲಿನಕ್ಸ್ ಅನ್ನುವ ತಂತ್ರಾಂಶ; ಪ್ಯಾಕೇಜ್ ಅನ್ನುವ ಗಂಟು ತುಂಬದೆ ಅದು ಪ್ರಿಂಟರನ್ನು ಗುರುತಿಸದು.

"ಪ್ರಿಂಟರಿನ ಪ್ಯಾಕೇಜ್ ಹಾಕೋ. ನಾನು ಹೇಳಿದ್ದು ಬಿಟ್ಟು ಬೇರೇನೂ ತುಂಬಬೇಡ!"

ಲಿನಕ್ಸಿನ ಪ್ಯಾಕೇಜು ಬೀಗರಿದ್ದ ಹಾಗೆ. ಒಬ್ಬರನ್ನು ಕರೆದರೆ ಬಳಗವೂ ಬರಬೇಕು. "ಇದರ ಜೊತೆ ಇನ್ನೂ ಏಳು ಬೇಕು, ತರಲೇ?" ಅಂತ ಪರದೆ ಕೇಳಿತು. ಗುರುಪಾದ ಬೇಡ ಅಂದ.

"ಆಯ್ತೇನೋ?"

"ಇಲ್ಲವ್ವ. ಏಳು ಬರೋದು ಬೇಡ ಅಂದೆ, ಪ್ರಿಂಟರಿಂದೂ ಬರಲಿಲ್ಲ. ನೀನೇ ಹೇಳಿದ್ಯಲ್ಲ!"

"ಅಯ್ಯೋ ಪೆದ್ದೇ! ಅದು ಏನು ಕೇಳಿದ್ರೂ ಹೂಂ ಅನ್ನಬೇಕು!"

"ಹೂಂ."

ಮತ್ತೆ ಕೂತ. ಏಳರಲ್ಲಿ ಒಂದಕ್ಕೆ ಒಳಗಿದ್ದ ಹಳಬರ ಜೊತೆ ಆಗಿಬರುವುದಿಲ್ಲವಂತೆ. "ಇದು ಬರಬೇಕಾದರೆ ಪರದೆಯ ಚಿತ್ರ, ಕಿಟಕಿ, ಮೌಸು ಎಲ್ಲ ಹೊರಗೆ ಹೋಗಬೇಕು. ಕಳಿಸಲೇ?" ಹೂಂ. "ಖಂಡಿತವಾಗಿಯೂ?" ಹೂಂ ಹೂಂ.

ಪರದೆ ಕಪ್ಪಾಯಿತು.

"ಏನೋ ಮಾಡಿದೆ!"

"ಹೂಂ ಅಂದೆ. ನೀನೇ ಹೇಳಿದ್ಯಲ್ಲ!"

ನೀಲವ್ವ ಫೋನನ್ನು ಕಿವಿಗೊತ್ತಿಕೊಂಡು, ತಿಳಿದವರು ಹೇಳಿದ ಒಂದೊಂದೇ ಅಕ್ಷರ ಕುಟ್ಟಿ, ಹೋದವರನ್ನೆಲ್ಲ ವಾಪಸು ಕರೆತಂದಳು. ಮೂರು ಗಂಟೆಗೆ ನೂರು ಅರ್ಜಿ ಬಿಸಿಬಿಸಿಯಾಗಿ ಹೊರಬಂದವು.

"ಇನ್ನಾದ್ರೂ ಕೇಳು! ಏನನ್ನೇ ಹೊರಗೆ ಹಾಕೋ ಮುಂಚೆ ಯಾರಿಗೆ ಬೇಕು ಅಂತ ವಿಚಾರಿಸು. ಯಾರಿಗೂ ಬೇಡ ಅಂದ್ರೆ ಮಾತ್ರ ಹಾಕು. ಜಾಗನಾದ್ರೂ ಉಳೀತದೆ!" ಅಂದವಳೇ ಉಣ್ಣಲು ಮನೆಗೆ ಹೋದಳು.

ಮೇಜಿನ ಮೇಲೆ ಅರ್ಜಿಯ ಕಟ್ಟು ಜಾಗ ತಿನ್ನುತ್ತಾ ಕೂತಿತ್ತು. ಗುರುಪಾದ ವಿಚಾರಿಸಿದ.

"ಇದು ನಿಮಗೆ ಬೇಕಾ?" ಆಧಾರ್ ಝೆರಾಕ್ಸಿಗೆ ಬಂದವಳು ಬೇಡ ಅಂದಳು. ಜಾತಿಪತ್ರದ ಅಜ್ಜ ಬೇಡ ಅಂದ. ನೆರಳಿಗೆ ನಿಂತಿದ್ದ ಪೊಲೀಸಪ್ಪ, "ಪುಕ್ಕಟೆ ಕೊಟ್ರೂ ಬೇಡ" ಅಂದ.

ಕಟ್ಟು ಹೊರಗೆ ಬಿತ್ತು. ಪಕ್ಕದ ಮಿರ್ಚಿ ಬಜ್ಜಿ ರುದ್ರಣ್ಣ, "ಬಿಸಾಡ್ತೀಯೇನೋ? ಇಲ್ಲಿ ಕೊಡು" ಅಂತ ಎತ್ತಿಕೊಂಡ.

ನಾಲ್ಕಕ್ಕೆ ನೀಲವ್ವನೂ ಬಂದಳು, ಸೆಕ್ರೆಟರಿಯೂ ಬಂದರು. ಅವರ ಕೈಯಲ್ಲಿ ಬಜ್ಜಿ. ಕೊನೆಯ ತುಂಡು ಬಾಯಿಗೆ ಹಾಕಿಕೊಂಡು, ಬಜ್ಜಿ ಸುತ್ತಿದ್ದ ಎಣ್ಣೆ ಕಾಗದವನ್ನು ಬೆಳಕಿಗೆ ಹಿಡಿದು ಓದಿದರು.

"ಅಕ್ಷರ ಚೆನ್ನಾಗಿ ಮೂಡಿದೆ, ನೀಲವ್ವಾ. ಉಳಿದ ತೊಂಬತ್ತೊಂಬತ್ತು ಎಲ್ಲಿ?"

ನೀಲವ್ವ ಮೇಜಿನ ಮೇಲೆ ಕೆಳಗೆಲ್ಲ ಹುಡುಕಿದಳು. ಗುರುಪಾದ ಸ್ಟೂಲು ಒರೆಸಿ ಮುಂದಿಟ್ಟ.

"ಕೂತ್ಕೊಳ್ಳಿ ಸಾರ್. ಒಂದೊಂದಾಗಿ ಬರ್ತವೆ. ಎಣ್ಣೆ ಕಾಯಬೇಕಷ್ಟೆ."