ಬಾವಿಯಪ್ಪನ ಮೂರನೆಯ ಗುಂಡಿ

"ಗುರುಗಳೇ, ಮಾಡಬೇಕೆಂದುಕೊಂಡ ಕೆಲಸವನ್ನು ನಾಲ್ಕು ಜನರಿಗೆ ಹೇಳಿಕೊಳ್ಳಬೇಕೋ, ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕೋ?" ಎಂದು ಶಿಷ್ಯ ಗುರುಶಾಂತ ಕೇಳಿದ.

ಕೇಳಲು ಕಾರಣವಿತ್ತು. ಮಠದಲ್ಲಿ ತಾಳೆಗರಿಯ ಒಂದು ಹಳೆಯ ಕಟ್ಟು ಇತ್ತು. ಹಿಂದಿನವರು ಕಂಡುಕೊಂಡ ಮದ್ದುಗಳೆಲ್ಲ ಅದರಲ್ಲಿದ್ದವು. ಅದನ್ನು ಹುಳು ತಿನ್ನುತ್ತಿತ್ತು. ವರ್ಷಕ್ಕೆ ನಾಲ್ಕೈದು ಗರಿ ಪುಡಿಯಾಗಿ ಉದುರುತ್ತಿದ್ದವು. ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ. ಇದನ್ನೆಲ್ಲ ಕಾಗದಕ್ಕೆ ಇಳಿಸಿ ಉಳಿಸುತ್ತೇನೆ ಎಂದು ಯುಗಾದಿಯ ದಿನ ಗುರುಶಾಂತ ತುಂಬಿದ ಸಭೆಯಲ್ಲಿ ಹೇಳಿದ್ದ. ಜನ ಭಲೇ ಎಂದರು. ಹಿರಿಯರೊಬ್ಬರು ಶಾಲು ಹೊದಿಸಿದರು. ಈಗ ಶ್ರಾವಣ ಬಂದಿತ್ತು. ಕಾಗದದ ಕಟ್ಟು ಕೋಣೆಯ ಮೂಲೆಯಲ್ಲಿತ್ತು, ಅದಕ್ಕೆ ಬಿಗಿದ ದಾರ ಬಿಚ್ಚಿರಲಿಲ್ಲ. ಯಾರಾದರೂ "ಎಲ್ಲಿಗೆ ಬಂತು?" ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು.

ಗುರುಗಳು ಅವನ ಮುಖವನ್ನೊಮ್ಮೆ ನೋಡಿದರು. "ಕೂತುಕೋ. ಒಬ್ಬ ಗಾಣಿಗನ ಕತೆ ಹೇಳುತ್ತೇನೆ" ಎಂದರು.

ಒಬ್ಬ ಗಾಣಿಗನಿದ್ದ. ಅವನ ಹೆಂಡತಿ ದಿನಕ್ಕೆ ಆರು ಕೊಡ ನೀರನ್ನು ಊರಾಚೆಯ ತೊರೆಯಿಂದ ಹೊತ್ತು ತರುತ್ತಿದ್ದಳು. ಒಂದು ದಿನ ದಂಡೆಯ ಕಲ್ಲಿನ ಮೇಲೆ ಜಾರಿ ಬಿದ್ದು ಮೊಣಕಾಲಿಗೆ ಪೆಟ್ಟಾಯಿತು. ಕುಂಟುತ್ತಲೇ ಕೊಡ ಹೊತ್ತು ಬಂದಳು. ಗಾಣಿಗನ ಕರುಳು ಚುರುಕ್ಕೆಂದಿತು. ಇವಳಿಗೆ ಹಿತ್ತಲಲ್ಲೇ ಒಂದು ಬಾವಿ ತೋಡಿಕೊಡಬೇಕು ಎಂದು ಅಂದೇ ನಿಶ್ಚಯಿಸಿದ.

ಒಳ್ಳೆಯ ಮನಸ್ಸೇ. ಆದರೆ ಆ ಮನಸ್ಸನ್ನು ಅವನು ಹಿತ್ತಲಿಗೆ ಒಯ್ಯಲಿಲ್ಲ, ನೇರವಾಗಿ ಊರ ಕಟ್ಟೆಗೆ ಒಯ್ದ. "ಹೆಂಡತಿಗಾಗಿ ಬಾವಿ ತೋಡುತ್ತೇನೆ, ನನ್ನ ಕೈಯಾರೆ" ಎಂದ. ಕಟ್ಟೆಯವರು ಬೆರಗಾದರು. "ಗಂಡ ಅಂದರೆ ಹೀಗಿರಬೇಕು ನೋಡಿ" ಎಂದರು. ಅವತ್ತೇ ಅವನಿಗೆ ಬಾವಿಯಪ್ಪ ಎಂಬ ಹೆಸರು ಬಿತ್ತು. ಒಂದು ಹನಿ ನೀರಿಲ್ಲ, ಆಗಲೇ ಹೆಸರು! ಅದನ್ನು ಕೇಳಿ ಅವನಿಗೆ ಬಾವಿ ತೋಡಿ ಮುಗಿಸಿದಷ್ಟೇ ಸುಖವಾಯಿತು. ಮನೆಗೆ ಬಂದು ಹಾಯಾಗಿ ಮಲಗಿದ.

ವಾರ ಬಿಟ್ಟು ಹಾರೆ ಹಿಡಿದ. ಆದರೆ ಊರಿಗೆಲ್ಲ ತಿಳಿದ ಮೇಲೆ ಬಾವಿಯೂ ಊರಿನದೇ ಆಗಿಬಿಡುತ್ತದಲ್ಲ. ಒಬ್ಬ ಬಂದು, ಇಲ್ಲಿ ಕೆಳಗೆ ಬಂಡೆ ಇದೆ ಎಂದ. ಗಾಣಿಗ ಜಾಗ ಬದಲಿಸಿದ. ಇನ್ನೊಬ್ಬ ಬಂದು, ಈ ದಿಕ್ಕು ಮನೆಗೆ ಆಗಿಬರುವುದಿಲ್ಲ ಎಂದ. ಎರಡನೆಯ ಗುಂಡಿಯೂ ಸೊಂಟದ ಮಟ್ಟಕ್ಕೆ ನಿಂತಿತು. ಅಷ್ಟರಲ್ಲಿ ಕಟ್ಟೆಯ ಧಾಟಿಯೇ ಬದಲಾಗಿತ್ತು. "ಏನು ಬಾವಿಯಪ್ಪನೋರೇ, ನೀರು ಸಿಹಿಯೋ ಉಪ್ಪೋ?" ಎಂದು ಕೇಳಿ ನಗುತ್ತಿದ್ದರು. ಹೊಗಳಿದಾಗ ಉಬ್ಬಿದವನು ನಕ್ಕಾಗ ಕುಗ್ಗದೆ ಇರುತ್ತಾನೆಯೇ? ಹಾರೆಯನ್ನು ಅಟ್ಟಕ್ಕೆ ಎಸೆದ. ಹೆಂಡತಿ ಕುಂಟುತ್ತ ತೊರೆಗೆ ಹೋಗುತ್ತಲೇ ಇದ್ದಳು.

ವರ್ಷ ಕಳೆಯಿತು. ಒಂದು ದಿನ ಅವಳು ಅರ್ಧ ಕೊಡ ನೀರು ತಂದು ಹೊಸ್ತಿಲ ಬಳಿ ಕೂತವಳು ಏಳಲಾಗದೆ ಅಲ್ಲೇ ಉಳಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಅವನು ಜಗಳವಾಡಿ ಹಗುರಾಗುತ್ತಿದ್ದ. ಮರುದಿನ ಬೆಳಗ್ಗೆ ಗಾಣದ ಮನೆಯ ಹಿಂದೆ, ಮುಳ್ಳುಗಿಡಗಳ ನಡುವೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಮೂರನೆಯ ಗುಂಡಿ ಶುರುಮಾಡಿದ.

ಈ ಸಲ ಬಾಯಿಗೆ ಬೀಗ ಹಾಕಿಕೊಂಡ. ಕಟ್ಟೆಯ ಕಡೆಗೆ ಹೋಗುವುದನ್ನೇ ಬಿಟ್ಟ. ದಿನಕ್ಕೆ ಒಂದು ಗೇಣು ತೋಡಿದರೆ ಸಾಕು ಎಂದುಕೊಂಡ. ಇಳಿಯುವ ಮುಂಚೆ ಮನೆಯ ಕೊಡದಿಂದ ಒಂದು ಬೊಗಸೆ ನೀರು ತಂದು ಗುಂಡಿಗೆ ಸುರಿದು, "ಬಾರಮ್ಮ" ಎನ್ನುತ್ತಿದ್ದ. ಯಾವ ಶಾಸ್ತ್ರದಲ್ಲೂ ಇಲ್ಲದ ಪೂಜೆ ಅದು. ಆದರೆ ಸುರಿಯುವಾಗೆಲ್ಲ ಆ ನೀರು ಯಾರ ಕಾಲಿನ ನೋವಿನಿಂದ ಬಂದದ್ದೆಂದು ನೆನಪಾಗುತ್ತಿತ್ತು. ಆಮೇಲೆ ಬೇಸರವಿದ್ದ ದಿನವೂ ಕೈ ತಾನಾಗಿಯೇ ಹಾರೆ ಹಿಡಿಯುತ್ತಿತ್ತು.

ಆದರೆ ಅವಮಾನ ಅವನಿಗೆ ಬೇಕಾದ್ದಕ್ಕಿಂತ ಹೆಚ್ಚು ಪಾಠ ಕಲಿಸಿತ್ತು. ಹೆಂಡತಿಗೂ ಹೇಳಲಿಲ್ಲ. ಮೈಗೆ ಮೆತ್ತಿದ ಮಣ್ಣಿಗೆ ದಿನಕ್ಕೊಂದು ನೆಪ ಹೇಳುತ್ತಿದ್ದ. ಆ ಕಾಲಿನಲ್ಲಿ ಅವಳು ಮುಳ್ಳಿನ ಕಡೆಗೆ ಹೋಗುತ್ತಲೂ ಇರಲಿಲ್ಲ.

ಗುಂಡಿ ಅವನ ತಲೆ ಮುಚ್ಚುವಷ್ಟಾಯಿತು. ಮೇಲಕ್ಕೆ ಎಸೆದ ಮಣ್ಣು ಅರ್ಧಕ್ಕರ್ಧ ಅವನ ಮೇಲೆಯೇ ಬೀಳತೊಡಗಿತು. ಒಂದು ದಿನ ಅಂಚು ಕುಸಿದು ಸೊಂಟದವರೆಗೆ ಹೂತುಹೋದ. ಕೂಗಿದರೆ ಊರು ಬರುತ್ತಿತ್ತು. ಊರು ಬಂದರೆ ಬಾವಿಯಪ್ಪನ ಕತೆ ಮತ್ತೆ ಮೊದಲಾಗುತ್ತಿತ್ತು. ಕೂಗಲಿಲ್ಲ, ಪುಣ್ಯಾತ್ಮ! ಬೆಳಗಿನಿಂದ ಬಿಸಿಲು ನೆತ್ತಿಗೆ ಬರುವವರೆಗೆ ಹಾಗೆಯೇ ನಿಂತಿದ್ದ. ಇನ್ನಷ್ಟು ಮಣ್ಣು ಜಾರಿ ಎದೆಯ ಹತ್ತಿರ ಬಂದಾಗ ಪ್ರಾಣಭಯ ಹತ್ತಿತು. ಅಷ್ಟರಲ್ಲಿ, ಊಟಕ್ಕೆ ಬಾರದ ಗಂಡನನ್ನು ಹುಡುಕುತ್ತ ಹೆಂಡತಿ ಮುಳ್ಳು ಸರಿಸಿಕೊಂಡು ಬಂದಳು. ಬಗ್ಗಿ ನೋಡಿದಳು.

"ಅಯ್ಯೋ ದೇವರೇ! ಇದೇನು ನಿಮ್ಮ ಅವತಾರ?"

"ಮೆಲ್ಲಗೆ ಮಾತಾಡೇ, ಯಾರಾದರೂ ಕೇಳಿಸಿಕೊಂಡಾರು. ನಿನಗೇ ಕಣೇ ಬಾವಿ. ನೀರು ಬಂದ ಮೇಲೆ ಹೇಳೋಣ ಅಂತಿದ್ದೆ."

ಅವಳಿಗೆ ಅಳುವೂ ಬಂತು, ನಗುವೂ ಬಂತು. ಗಾಣದ ಎತ್ತನ್ನು ಹೊಡೆದುಕೊಂಡು ಬಂದಳು. ಹಗ್ಗದ ಒಂದು ತುದಿಯನ್ನು ಅದರ ನೊಗಕ್ಕೆ ಕಟ್ಟಿ, ಇನ್ನೊಂದನ್ನು ಅವನ ಕಂಕುಳಿಗೆ ಸಿಕ್ಕುವಂತೆ ಇಳಿಬಿಟ್ಟಳು. ಅವನು ಕೈಯಿಂದ ಸುತ್ತಲಿನ ಮಣ್ಣು ಗೋರಿಕೊಂಡ, ಅವಳು ಎತ್ತನ್ನು ಮೆಲ್ಲಗೆ ಮುಂದಕ್ಕೆ ನಡೆಸಿದಳು. ಅವನು ಮೇಲೆ ಬಂದು ಬಿದ್ದ ಮೇಲೆ, ತಲೆಯ ಮಣ್ಣು ಕೊಡವುತ್ತ ಹೇಳಿದಳು:

"ಊರಿಗೆ ಹೇಳಬೇಡಿ, ಸರಿ. ಹಗ್ಗ ಹಿಡಿಯುವವಳಿಗೂ ಹೇಳಬಾರದೇ?"

ಮರುದಿನದಿಂದ ಅವನು ಕೆಳಗೆ ಬುಟ್ಟಿ ತುಂಬಿದ, ಅವಳು ಮೇಲೆ ಎತ್ತು ನಡೆಸಿದಳು. ಅವಳೂ ಒಂದು ಸಲಹೆ ಕೊಟ್ಟಳು, ಅಂಚು ಮತ್ತೆ ಕುಸಿಯದಂತೆ ಬಾವಿಯ ಬಾಯಿ ಇನ್ನಷ್ಟು ಅಗಲವಾಗಲಿ ಎಂದು. ಕಟ್ಟೆಯವರ ಸಲಹೆ ಗುಂಡಿಯನ್ನೇ ಅಲ್ಲಿಂದ ಎಬ್ಬಿಸಿತ್ತು, ಇವಳದು ಅಲ್ಲೇ ಆಳಕ್ಕೆ ಇಳಿಸಿತು. ಬೆಳಗಿನ ಬೊಗಸೆ ನೀರನ್ನು ಈಗ ಅವಳು ಸುರಿಯುತ್ತಿದ್ದಳು, "ಬಾರಮ್ಮ" ಎಂದು ಅವನು ಕರೆಯುತ್ತಿದ್ದ. ಐದು ಆಳಿನ ಆಳದಲ್ಲಿ ನೀರು ಬಂತು. ಅದನ್ನೂ ಅವರು ಯಾರಿಗೂ ಹೇಳಲಿಲ್ಲ. ನಾಲ್ಕು ದಿನ ಅವಳು ತೊರೆಯ ದಂಡೆಯಲ್ಲಿ ಕಾಣದಿದ್ದಾಗ ಊರಿಗೇ ಗೊತ್ತಾಯಿತು.

ಗುರುಗಳು ಕತೆ ನಿಲ್ಲಿಸಿದರು. ಗುರುಶಾಂತನ ಮುಖ ಅರಳಿತು. ಕೇಳಿದ್ದಕ್ಕೆ ಉತ್ತರ ಸಿಕ್ಕಿತು ಎನ್ನಿಸಿ ಅವನಿಗೆ ಹಗುರವಾಗಿತ್ತು.

"ತಿಳಿಯಿತು ಗುರುಗಳೇ. ಊರಿಗೆಲ್ಲ ಹೇಳಿದ್ದು ನನ್ನ ತಪ್ಪು. ಇನ್ನು ಒಬ್ಬರಿಗೆ ಮಾತ್ರ ಹೇಳುತ್ತೇನೆ. ನನ್ನ ಹಗ್ಗ ಹಿಡಿಯುವವರು ಯಾರೆಂದು ತಾವೇ ತಿಳಿಸಬೇಕು."

"ಅದಿರಲಿ ಗುರುಶಾಂತ, ನಿನ್ನ ಗುಂಡಿ ಈಗ ಎಷ್ಟು ಆಳವಿದೆ?" ಎಂದರು ಗುರುಗಳು.

ಗುರುಶಾಂತ ಎದ್ದು ಕೋಣೆಗೆ ಹೋಗಿ, ಮೂಲೆಯಲ್ಲಿದ್ದ ಕಾಗದದ ಕಟ್ಟಿನ ದಾರ ಬಿಚ್ಚಿದ.